ಮೇಲೊಂದು ಪೌಂಡ್

ಡಿಡ್ಸ್‌ಬರಿಯ ಯಾವ ಕನ್ನಡದವರ ಮನೆಯಲ್ಲಿ ಮದುವೆ, ಮುಂಜಿ ಆದರೂ ಡಾಕ್ಟರ ಹೆಂಡತಿ ಚಂದ್ರಪ್ರಭಾ ಆಂಟಿ ಮುಯ್ಯಿ ಮಾಡುವುದು ಐವತ್ತೊಂದು ಪೌಂಡ್. ಬ್ಯಾಂಕಿನವರು ಕೌಂಟರ್ ಮುಚ್ಚಿ ಗೋಡೆಯಲ್ಲಿ ಮೆಷಿನ್ ಕೂರಿಸಿದರು. ಅದು ಐವತ್ತು ಕೊಡುತ್ತದೆ, ಮೇಲಿನ ಒಂದನ್ನು ಕೊಡುವುದಿಲ್ಲ. ಅದಕ್ಕೇ ಆಂಟಿ ಮೆಷಿನ್ ಪಕ್ಕ ಬೇಡುತ್ತ ಕೂರುವ ಕೆವಿನ್ ಮುಂದೆ ಕೈ ಒಡ್ಡುತ್ತಾರೆ. ಅದೂ ಹೊಳೆಯುವ ನಾಣ್ಯವೇ ಆಗಬೇಕು. ಬದಲಿಗೆ ಒಂದು ಡಬ್ಬಿ ಚಿತ್ರಾನ್ನ. ಮೇಲೊಂದು ಇಲ್ಲದಿದ್ದರೆ ಅದು ಸಾವಿನ ಮನೆಗೆ ಕೊಡುವ ದುಡ್ಡು ಎಂದು ಅವನಿಗೂ ಪಾಠ ಮಾಡಿದ್ದಾರೆ. "ಇವತ್ತು ಯಾರ ಮದುವೆ, ಲವ್?" ಎನ್ನುತ್ತ ಅವನು ಲೋಟ ಕೆದಕಿ ನಾಣ್ಯ ಆರಿಸುತ್ತಾನೆ. ಮೊನ್ನೆಯೂ ಒಂದನ್ನು ಜಾಕೆಟ್ಟಿಗೆ ಉಜ್ಜಿ ಹಿಡಿದ. ಆಂಟಿ ಐವತ್ತನ್ನಷ್ಟೇ ಕವರಿಗೆ ಹಾಕಿ, "ಇವತ್ತು ಬೇಡ, ಕೆವಿನ್" ಅಂದರು. ಅವನು ನಾಣ್ಯವನ್ನು ಲೋಟಕ್ಕೆ ಹಾಕಿ ಟೋಪಿ ತೆಗೆದ.