ನೋಡಿದರೆ ಗೊತ್ತಾಗುತ್ತೆ
ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯೊಂದರಲ್ಲಿ ನಾನು ಮಾರಾಟಕ್ಕೆ ನಿಲ್ಲುತ್ತಿದ್ದೆ. ಅಲ್ಲಿನ ಯಜಮಾನರು ಸೀರೆಯನ್ನು ಒಂದೇ ಬೀಸಿಗೆ ಬಿಚ್ಚಿ ಹರಡಿ, "ನೋಡಿದ್ರೆ ಗೊತ್ತಾಯ್ತದೆ ಕಣವ್ವ" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ವರ್ಣಿಸುತ್ತಿರಲಿಲ್ಲ. ಅಂಗಡಿಗೆ ವೆಬ್‌ಸೈಟ್ ಮಾಡಿಸಿದಾಗಲೂ ಬರೀ ಫೋಟೋಗಳನ್ನೇ ಹಾಕಿಸಿದರು.

ಒಂದು ದಿನ ಹೊನ್ನೂರಿನಿಂದ ಹೆಂಗಸೊಬ್ಬರು ಬಂದರು. ಕೆಲವು ವರ್ಷಗಳ ಹಿಂದೆ ಅವರ ಕಣ್ಣು ಹೋಗಿತ್ತು. ಪರದೆಯಲ್ಲಿರುವುದನ್ನು ಓದಿ ಹೇಳುವ ತಮ್ಮ ಫೋನಿನಲ್ಲಿ ನಮ್ಮ ವೆಬ್‌ಸೈಟ್ ತೆರೆದು ಬೆರಳಾಡಿಸಿದರು.

"ಚಿತ್ರ... ಚಿತ್ರ... ಬಟನ್" ಎಂದಿತು ಫೋನು.

"ಮಗನ ಮದ್ವೆಗೆ ನಾನುಡೋ ಸೀರೆಯ ನಾನೇ ಆರಿಸ್ಬೇಕು ಅಂತಿದ್ದಿ ಸಾ. ನಿಮ್ಮಂಗ್ಡೀಲಿ ಏನದೆ ಅಂತ್ಲೇ ಗೊತ್ತಾಗ್ನಿಲ್ಲ."

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಯಜಮಾನರು ಗಡಿಬಿಡಿಯಲ್ಲಿ ಸೀರೆಯೊಂದನ್ನು ಬಿಚ್ಚಿ, "ನೋಡಿದ್ರೆ..." ಎಂದವರು ನಾಲಿಗೆ ಕಚ್ಚಿಕೊಂಡರು. ಅವರ ಕಿವಿಯೆಲ್ಲ ಕೆಂಪಾಯಿತು. ಸೀರೆಯನ್ನು ಆಕೆಯ ಕೈಗಿಟ್ಟು, ತಲೆ ತಗ್ಗಿಸಿ, ತಡವರಿಸುತ್ತ ಹೇಳತೊಡಗಿದರು.

"ಎಳೇ ಬಾಳೆಸುಳಿ ಬಣ್ಣ ಕಣವ್ವ. ಅಂಚು... ಹಣ್ಣು ಮೆಣಸಿನ್ಕಾಯ್ ಕೆಂಪು."

ಆಕೆಯ ಮುಖ ಅರಳಿತು. "ನಂಗೊಪ್ತದಾ ಸಾ?"

ಮಾರನೆಯ ದಿನವೇ ಯಜಮಾನರು ನನ್ನನ್ನು ಕೂರಿಸಿಕೊಂಡು ವೆಬ್‌ಸೈಟಿನ ಒಂದೊಂದು ಚಿತ್ರಕ್ಕೂ ವಿವರಣೆ ಬರೆಸಿದರು. ಆದರೆ ಆ ಗಳಿಗೆಯಲ್ಲಿ ಉತ್ತರ ಹೇಳಲು ಅವರು ಮೊದಲು ತಲೆಯೆತ್ತಿ ನೋಡಬೇಕಾಯಿತು. ನಾಚಿಕೆಯಿಂದ, ಅಷ್ಟು ಹೊತ್ತೂ ಅವರು ಆಕೆಯ ಮುಖವನ್ನೇ ನೋಡಿರಲಿಲ್ಲ.