ಎಣ್ಣೆ ಡಬ್ಬದ ಗರಿ

ಮೊನ್ನೆ ಅಡುಗೆಮನೆಯ ನಲ್ಲಿ ಸೋರುತ್ತಿದೆಯೆಂದು ಕಟಿಂಗ್ ಪ್ಲೇಯರ್ ಹುಡುಕುತ್ತ ಹಳೆಯ ಟೂಲ್ ಬಾಕ್ಸಿಗೆ ಕೈ ಹಾಕಿದೆ. ಬೆರಳಿಗೆ ಏನೋ ಚುಚ್ಚಿತು. ಎಳೆದು ನೋಡಿದರೆ ಅಂಗೈ ಉದ್ದದ ತಗಡಿನ ಗರಿ, ಚುಚ್ಚಿದ್ದು ಅದರ ಬುಡದ ತುಂಡು ತಂತಿ. ಒಂದು ಬದಿಯಲ್ಲಿ ಶೇಂಗಾಕಾಯಿಯ ಅರ್ಧ ಚಿತ್ರ, ನಾಲ್ಕು ಗುಜರಾತಿ ಅಕ್ಷರ. ಇನ್ನೊಂದು ಬದಿ ಖಾಲಿ. ಮೂಗಿಗೆ ಹಿಡಿದೆ. ಇಷ್ಟು ವರ್ಷವಾದರೂ ಅದೇ ಕಮಟು ಎಣ್ಣೆಯ ವಾಸನೆ... ನಲ್ಲಿಯನ್ನು ಅದರ ಪಾಡಿಗೆ ಬಿಟ್ಟು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಆ ಗರಿಯನ್ನು ಕತ್ತರಿಸಿದ್ದು ಹಿರಿಯೂರಿನ ಒಬ್ಬ ಲಾರಿ ಡ್ರೈವರ್. ನನಗೆ ಅವರು ಡ್ರೈವರಣ್ಣ, ಅವರಿಗೆ ನಾನು ಮೇಷ್ಟ್ರು. ನಾಲ್ಕು ದಿನದ ಸಹವಾಸ, ಅಷ್ಟೇ.

ಆಗ ನಾನು ಹೊಸದುರ್ಗದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಗುಜರಿಗೆ ಹೊರಟಿದ್ದ ಹಳೇ ಅಂಬಾಸಿಡರ್ ಕಾರೊಂದನ್ನು ತಂದು, ಚಂದ್ರವಳ್ಳಿ ರಸ್ತೆಯಲ್ಲಿದ್ದ ಗೆಳೆಯನ ಶೆಡ್ಡಿನಲ್ಲಿ ನಿಲ್ಲಿಸಿ, ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು, ಕಾವಿಗೆ ಕೂತ ಕೋಳಿ ಮಾಡಿದ್ದೆ. ಆ ಕಾರಿನ ಆಕಾರ ನೋಡಿದವರಿಗೆ ಇದು ಹುಚ್ಚು ಅನ್ನಿಸದು. ಅರ್ಧ ಕೋಳಿಯಾಗಿಯೇ ಅದು ಕಾರ್ಖಾನೆಯಿಂದ ಬಂದಿತ್ತು. ಟಾಪಿನಿಂದ ಎದ್ದ ಕೊರಳು, ಜುಟ್ಟು, ಆಚೀಚೆ ರೆಕ್ಕೆ, ಮೈತುಂಬ ತಗಡಿನ ಗರಿ. ಬಾನೆಟ್ಟೇ ಎದೆ. ಅದನ್ನು ಮಾತ್ರ ಬೋಳು ಬಿಟ್ಟು, ಸಾಲಾಗಿ ತೂತು ಕೊರೆದಿದ್ದೆ. ನೋಡಲು ಬಂದವರು ಖಾಲಿ ಗರಿಯೊಂದನ್ನು ತೆಗೆದುಕೊಂಡು, ತಮ್ಮನ್ನು ರೆಕ್ಕೆಯಡಿ ಇಟ್ಟುಕೊಂಡು ಕಾಪಾಡಿದವರ ಹೆಸರನ್ನು ಮೊಳೆಯಲ್ಲಿ ಗೀಚಿ, ಅಲ್ಲಿ ಸಿಕ್ಕಿಸಬೇಕು. ಈ ಕಲ್ಪನೆಗೇ ಮರುಳಾಗಿ ರಾಜಸ್ಥಾನದ ಮರಳುಗಾಡಿನ ಅಂಚಿನಲ್ಲಿ ನಡೆಯುವ ಕಲಾ ಉತ್ಸವದವರು ನನ್ನನ್ನು ಕರೆದಿದ್ದರು.

ಕೋಳಿ ಓಡುತ್ತಿತ್ತು, ಆದರೆ ರಸ್ತೆಗಿಳಿಯುವ ಹಕ್ಕಿರಲಿಲ್ಲ. ನಂಬರ್ ರದ್ದಾಗಿತ್ತು, ಮುಂದಿನ ಗಾಜಿನ ಜಾಗದಲ್ಲಿ ತಗಡಿತ್ತು, ತಗಡಿನಲ್ಲಿ ಎರಡು ಕಿಂಡಿ. ಲಾರಿಯೇ ಗತಿ. ಬಣ್ಣ ಗೀರದಿರಲೆಂದು ಎದೆಗೆ ಹಳೇ ಕಂಬಳಿ ಸುತ್ತಿ ಕಾಯುತ್ತಿದ್ದೆ. ಈರುಳ್ಳಿ, ತೆಂಗಿನಕಾಯಿ ಸಾಗಿಸಿ ಅಭ್ಯಾಸವಿದ್ದ ಡ್ರೈವರಣ್ಣ ಬಂದು ಅದರ ಸುತ್ತ ಮೂರು ಸುತ್ತು ಹಾಕಿದರು.

“ಮೇಷ್ಟ್ರೇ, ಇದಕ್ಕೆ ಪೇಪರ್ ಐತಾ?”

“ಇಲ್ಲ ಅಣ್ಣ. ಇದು ಗಾಡಿ ಅಲ್ಲ, ಕಲಾಕೃತಿ.”

“ಏನಾರ ಆಗ್ಲಿ ಬಿಡ್ರಿ. ನನ್ ಗಾಡಿ ಹತ್ತಿದ್ ಮ್ಯಾಲೆ ಅದು ಲೋಡು. ಹೆಂಗ್ ಹತ್ತೈತೋ ಹಂಗೇ ಇಳಿಸ್ತೀನಿ.”

ಲಾರಿಯನ್ನು ಮಣ್ಣಿನ ದಿಬ್ಬಕ್ಕೆ ಒತ್ತಿ ನಿಲ್ಲಿಸಿ ಕೋಳಿಯನ್ನು ಹತ್ತಿಸುವ ಮುಂಚೆ ಪೂಜೆ. ಲಾರಿಯ ಗಾಲಿಗೆ ನಿಂಬೆಹಣ್ಣು ಇಟ್ಟವರು ಕೋಳಿಯ ನಾಲ್ಕು ಗಾಲಿಗೂ ಇಟ್ಟರು. ನಾನು ನಕ್ಕಿದ್ದಕ್ಕೆ, “ಅದಕ್ಕೂ ಗಾಲಿ ಅವೆ ಅಲ್ವಾ?” ಎಂದು ಗದರಿದರು.

ಮಹಾರಾಷ್ಟ್ರ ದಾಟುವಷ್ಟರಲ್ಲಿ ನನಗೆ ಜ್ವರ ಬಂತು. ಸೀಟಿನ ಹಿಂದೆ ತಾವು ಮಲಗುವ ಜಾಗದಲ್ಲಿ ನನ್ನನ್ನು ಮಲಗಿಸಿದರು. ಢಾಬಾದ ಅಡುಗೆಮನೆಗೆ ತಾವೇ ನುಗ್ಗಿ, ಅಲ್ಲಿನವರು ಬೈಯುತ್ತಿದ್ದರೂ ಕೇಳದೆ, ಅಕ್ಕಿ ಗಂಜಿ ಮಾಡಿ ತಂದರು. “ಎದ್ ಕುಂತ್ಕಳ್ರಿ, ಕುಡೀರಿ. ಕೋಳಿ ಜೊತಿಗೆ ಮೇಷ್ಟ್ರುನ್ನೂ ಹಂಗೇ ಇಳಿಸ್ಬೇಕಲ್ಲ!” ನನ್ನ ಅಪ್ಪನೂ ಅಷ್ಟು ಮುತುವರ್ಜಿಯಿಂದ ಗಂಜಿ ಕುಡಿಸಿದ ನೆನಪಿಲ್ಲ.

ಗುಜರಾತ್ ಗಡಿಯ ಚೆಕ್‌ಪೋಸ್ಟಿನಲ್ಲಿ ತಡೆದರು. ನಂಬರ್ ಪ್ಲೇಟ್ ಎಲ್ಲಿ ಎಂದು ಅಧಿಕಾರಿ ಕೇಳಿದ್ದಕ್ಕೆ, ಕೋಳಿಗೆ ಯಾರಾದರೂ ನಂಬರ್ ಹಾಕುತ್ತಾರಾ ಸಾಹೇಬರೇ ಎಂದು ಡ್ರೈವರಣ್ಣ ತಮ್ಮ ಲಾರಿ ಹಿಂದಿಯಲ್ಲಿ ಕೇಳಿದರು. ಅಧಿಕಾರಿ ನಕ್ಕರೂ ಬಿಡಲಿಲ್ಲ. ಟಾರ್ಪಾಲು, ಕಂಬಳಿ ಎಲ್ಲ ಬಿಚ್ಚಿ ಕೋಳಿಯನ್ನು ತೋರಿಸಬೇಕು, ಇದು ಕಲಾಕೃತಿಯೆಂಬ ಪತ್ರ ಕಾಗದದ ಮೇಲೇ ಬೇಕು. ಪತ್ರ ನನ್ನ ಮೊಬೈಲಿನಲ್ಲಿತ್ತು. ಪ್ರಿಂಟ್ ಮಾಡಿಸಲು ಆಟೋದಲ್ಲಿ ಪೇಟೆಗೆ ಹೋದೆ. ಅಲ್ಲಿ ಕರೆಂಟಿಲ್ಲ. ಕಾದು, ಪ್ರಿಂಟ್ ಹಿಡಿದು ವಾಪಸ್ ಬರುವಾಗ ಅರ್ಧ ದಿನ ಕಳೆದಿತ್ತು. ಟಾರ್ಪಾಲು ಆಗಲೇ ಬಿಗಿದು ಕಟ್ಟಿತ್ತು, ಡ್ರೈವರಣ್ಣನ ಬೆರಳುಗಳಿಗೆ ಬಟ್ಟೆಯ ಚೂರು. ಏನಾಯಿತೆಂದರೆ “ಹಗ್ಗ ಕುಯ್ತು” ಅಂದರು. ಅಲ್ಲಿಂದ ಮುಂದೆ, ಬಾಯಿಗೆ ಬೀಗವೇ ಇಲ್ಲದ ಆ ಮನುಷ್ಯ ಮಾತೇ ಆಡಲಿಲ್ಲ. ದಣಿವಿರಬೇಕೆಂದುಕೊಂಡೆ.

ಉತ್ಸವದ ಜಾಗ ಮುಟ್ಟಿದಾಗ ನಾಲ್ಕನೆಯ ದಿನದ ಮಧ್ಯಾಹ್ನ. ಸಂಜೆಯೊಳಗೆ ಕೋಳಿ ಸಿದ್ಧವಿರದಿದ್ದರೆ ಜಾಗ ಬೇರೆಯವರಿಗೆ. ಇಳಿಸಿ, ಕಂಬಳಿ ಬಿಚ್ಚಿದೆ. ಎದೆತುಂಬ ಗರಿ! ಶೇಂಗಾ, ಸೂರ್ಯಕಾಂತಿ, ಹತ್ತಿಬೀಜ... ಒಂದು ತೂತೂ ಬಿಡದೆ, ಒತ್ತೊತ್ತಾಗಿ, ಬಿಸಿಲಿಗೆ ಮಿರಮಿರ ಮಿಂಚುತ್ತಿದ್ದವು.

“ಯಾರು ಮಾಡಿದ್ದು ಇದು?” ಎಂದು ಕಿರುಚಿದೆ.

ಡ್ರೈವರಣ್ಣ ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡರು. “ತಪ್ಪಾತು ಮೇಷ್ಟ್ರೇ. ಚೆಕ್‌ಪೋಸ್ಟ್‌ನಾಗೆ ಕಂಬಳಿ ಬಿಚ್ಚಿದ್ರೆ ಬರೀ ತೂತು. ನಾನ್ ಬಿಗ್ದಿದ್ ಹಗ್ಗಕ್ಕೆ ಗರಿ ಎಲ್ಲ ಕಿತ್ಕಂಡ್ ಹೋಗ್ಯಾವೆ ಅನ್ಕಂಡೆ. ನನ್ ಗಾಡಿಯಾಗೆ ಲೋಡು ಕೆಟ್ಟಿದ್ದು ಇದೇ ಮೊದ್ಲು. ಹೇಳಾಕೆ ಮುಖ ಬರ್ಲಿಲ್ಲ. ಹೋಟ್ಲೋರತ್ರ ಖಾಲಿ ಡಬ್ಬ ಇಸ್ಕಂಡು, ಉಳಿದ್ ಗರಿ ನೋಡ್ಕಂಡು ಹಂಗೇ ಕತ್ತರಿಸ್ದೆ.”

“ಕಿತ್ತು ಹೋಗಿರಲಿಲ್ಲ! ಅದು ಖಾಲೀನೇ ಇರಬೇಕಿತ್ತು. ಲಾರಿ ಓಡಿಸೋರಿಗೆ ಇದೆಲ್ಲ ಎಲ್ಲಿ ಅರ್ಥ ಆಗಬೇಕು?”

ಆಡಿದ ಮಾತು, ಒಡೆದ ಮುತ್ತು. ಅವರು ನನ್ನ ಟೂಲ್ ಬಾಕ್ಸಿನಿಂದ ಪ್ಲೇಯರ್ ತೆಗೆದು ಒಂದೊಂದೇ ತಂತಿ ಕತ್ತರಿಸತೊಡಗಿದರು. ನಾನೂ ಇನ್ನೊಂದು ಕಡೆಯಿಂದ ಕೈ ಹಚ್ಚಿದೆ. ಆಗ ಕಂಡಿತು, ಪ್ರತಿ ಗರಿಯ ಅಂಚನ್ನೂ ಒಳಕ್ಕೆ ಮಡಚಿ ತಟ್ಟಿದ್ದರು, ಮುಟ್ಟಿದವರ ಕೈ ಕುಯ್ಯಬಾರದೆಂದು. ನಾನು ಮಾಡಿದ ಗರಿಗಳಿಗೆ ಆ ಮರ್ಯಾದೆ ಇರಲಿಲ್ಲ. ಕಂಡೂ ನಾನು ಬಾಯಿ ಬಿಡಲಿಲ್ಲ.

ಸಂಜೆಗೆ ಎದೆ ಬೋಳಾಯಿತು. ಪರಿಶೀಲನೆಗೆ ಬಂದವರು ಕೋಳಿಯ ಸುತ್ತ ನಿಂತಿದ್ದಾಗ ಹಿಂದಿನಿಂದ ದನಿ ಬಂತು. “ಬರ್ತೀನಿ ಮೇಷ್ಟ್ರೇ. ರಿಟರ್ನ್ ಲೋಡು ಸಿಕ್ಕೈತೆ. ಗುಳಿಗೆ ಮರೀಬ್ಯಾಡ್ರಿ.” ನಾನು ತಿರುಗದೆಯೇ ಕೈ ಎತ್ತಿದೆ...

ಉತ್ಸವ ಚೆನ್ನಾಗಿಯೇ ಆಯಿತು. ಅಜ್ಜಿಯರ, ಅಕ್ಕಂದಿರ, ಮೇಷ್ಟ್ರುಗಳ ಹೆಸರು ಗೀಚಿ ಜನ ಕಣ್ಣೊರೆಸಿಕೊಂಡರು. ಎದೆ ತುಂಬಿತು. ನಿಮ್ಮ ಗರಿ ಯಾವುದು ಎಂದು ಹುಡುಗಿಯೊಬ್ಬಳು ಕೇಳಿದ್ದಕ್ಕೆ ನಕ್ಕು ಜಾರಿಕೊಂಡೆ. ಕೋಳಿಯನ್ನು ಉತ್ಸವದವರೇ ಉಳಿಸಿಕೊಂಡರು. ನಾನು ರೈಲಿನಲ್ಲಿ ಬಂದೆ.

ಹೊಸದುರ್ಗದಿಂದ ಹಿರಿಯೂರೇನು ದೂರವಲ್ಲ. ಹೋಗಿ ಒಂದು ಮಾತು ಹೇಳಿ ಬರಬೇಕು ಎಂದುಕೊಳ್ಳುತ್ತಲೇ ವರ್ಷ ಕಳೆಯಿತು. ಕೊನೆಗೊಂದು ದಿನ ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿದರು.

“ಅವ್ರು ಹೋಗಿ ಮೂರ್ ತಿಂಗ್ಳಾತು. ಎದೆನೋವು ಅಂದ್ರು, ಅಷ್ಟೇ... ನೀವು ಕೋಳಿ ಮೇಷ್ಟ್ರಾ? ಮೊಬೈಲ್‌ನಾಗೆ ನಿಮ್ ಕೋಳಿ ಫೋಟೋ ಇಟ್ಕಂಡು ಕಂಡೋರಿಗೆಲ್ಲ ತೋರ್ಸೋರು. ಒಂದ್ ಗರಿನೂ ಉದುರ್ದಂಗೆ ಮುಟ್ಟಿಸ್ದೆ ಅಂತಿದ್ರು.”

ಅದು ನಿಜ. ಒಂದು ಗರಿಯೂ ಉದುರಿರಲಿಲ್ಲ. ಅದನ್ನು ಅವರ ಕೈ ಹಿಡಿದು ಹೇಳಬೇಕಾದವನು ನಾನು, ಕಿರುಚಿ ಹೇಳಿದ್ದೆ. ಅದು ಇವತ್ತಿಗೂ ನನ್ನನ್ನು ತಿನ್ನುತ್ತದೆ.

ಮೊನ್ನೆ ಆ ಗರಿ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ನಲ್ಲಿ ಸೋರುತ್ತಲೇ ಇತ್ತು. ಆಮೇಲೆ ಎದ್ದು ಮೊಳೆಯೊಂದನ್ನು ಹುಡುಕಿ ತಂದು, ಗರಿಯ ಖಾಲಿ ಬದಿಯಲ್ಲಿ ಅವರ ಹೆಸರು ಗೀಚಿದೆ. ತಗಡು ಗಟ್ಟಿಯಿತ್ತು. ನಾಲ್ಕು ಅಕ್ಷರ ಮೂಡಿಸಲು ಬಹಳ ಹೊತ್ತು ಹಿಡಿಯಿತು.