ಅಜ್ಜನ ರಕ್ತ ಯಾವ ಕುಟುಂಬದ್ದು?

ನಮ್ಮ ಶ್ರಾವ್ಯ ಓಡಬಹುದು! ಡಾಕ್ಟ್ರು ಹೇಳಿಯಾಯಿತು, ಹೃದಯಕ್ಕೆ ಎಂತದೂ ಆಗಿಲ್ಲ. ಜೆಪ್ಪುವಿನ ನಮ್ಮ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಮೀನಿನವಳಿಗೆ ಹೇಳಿದೆ. ಕರೆಂಟ್ ಬಿಲ್ ಕೊಡಲು ಬಂದವನಿಗೂ ಹೇಳಿದೆ. (ಅವನು "ಸಂತೋಷ ಅಮ್ಮ, ಬಿಲ್ ತೆಕ್ಕೊಳ್ಳಿ" ಎಂದ.) ಉಳಿದವರು ನೀವು. ನಿಮಗೆ ಹೇಳದೆ ಈ ವಾರ ಬೇರೆ ಏನು ಬರೆಯಲಿ?

ಶ್ರಾವ್ಯ ನನ್ನ ಮಗಳ ಮಗಳು. ಕಾಲೇಜಿನ ರಿಲೇ ಟೀಮಿನಲ್ಲಿ ಕೊನೆಯ ಓಟ ಅವಳದ್ದೇ. ಮಳೆಗಾಲಕ್ಕೆ ಮೊದಲು ಒಂದು ಚೆಕಪ್ಪಿನಲ್ಲಿ ಇಸಿಜಿಯ ಗೆರೆ ಸ್ವಲ್ಪ ಬೇರೆ ಕಂಡಿತು. ಸ್ಕ್ಯಾನ್ ಸರಿಯಾಗಿಯೇ ಇತ್ತು. ಆದರೂ ಜೀನ್ ಟೆಸ್ಟ್ ಆಗಲಿ ಎಂದರು. ರಿಪೋರ್ಟಿನಲ್ಲಿ ಬಂದದ್ದು ಏನು? ಒಂದು ಜೀನಿನಲ್ಲಿ ಬದಲಾವಣೆ ಉಂಟು, ಅದರಿಂದ ತೊಂದರೆಯೋ ಅಲ್ಲವೋ ಗೊತ್ತಿಲ್ಲ. ಗೊತ್ತಾಗುವವರೆಗೆ ಓಟ ಬಂದ್.

'ಗೊತ್ತಿಲ್ಲ' ಎನ್ನುವುದೂ ಒಂದು ಕಾಯಿಲೆಯೇ. ಅವಳು ಮೆಟ್ಟಿಲು ಹತ್ತಿದರೂ ನಾವೆಲ್ಲ ಅವಳ ಮುಖ ನೋಡುತ್ತಿದ್ದೆವು. "ಎಂತ ಅಜ್ಜಿ, ನಾನು ಸತ್ತಿಲ್ಲ ಮಾರಾಯ್ತಿ!" ಎಂದು ರೇಗುತ್ತಿದ್ದಳು. ಶೂ ಮಾತ್ರ ಅಟ್ಟಕ್ಕೆ ಹೋಯಿತು.

ಅತ್ತಾವರದ ಲ್ಯಾಬಿನಲ್ಲಿ ಜೆಸಿಂತಾ ಎಂಬ ಹುಡುಗಿ ಇದ್ದಾಳೆ. ಜನರ ಜೀನುಗಳಲ್ಲಿ ಎಂಥ ಬದಲಾವಣೆ ಸಿಕ್ಕಿತು, ಅದು ಇದ್ದವರಿಗೆ ಕಾಯಿಲೆ ಬಂತೋ ಇಲ್ಲವೋ ಎಂದು ಆನ್‌ಲೈನ್ ಡೇಟಾಬೇಸಿಗೆ ಸೇರಿಸುವುದು ಅವಳ ಕೆಲಸ. ಯಾರ ಹೆಸರೂ ಹಾಕುವುದಿಲ್ಲ. ಎಲ್ಲಿಯ ಡಾಕ್ಟ್ರು ಬೇಕಾದರೂ ತೆರೆದು ನೋಡಬಹುದು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನನಗೆ ಅವಳು ಹೀಗೆ ತಿಳಿಸಿದಳು: "ಅಜ್ಜಿ, ಮೀನು ಸಾರಿಗೆ ಒಬ್ಬರು ಕೊತ್ತಂಬರಿ ಚೂರು ಜಾಸ್ತಿ ಹಾಕ್ತಾರೆ. ಸಾರು ಹಾಳಾಗ್ತದಾ?"

"ಉಂಡವರನ್ನು ಕೇಳಬೇಕು ಮಗಾ."

"ಅದೇ! ನಮ್ಮ ಕರಾವಳಿಯವರನ್ನು ಯಾರೂ ಕೇಳಿಯೇ ಇಲ್ಲ. ಡೇಟಾಬೇಸಿನಲ್ಲಿ ನಮ್ಮವರು ತುಂಬಾ ಕಡಿಮೆ. ಶ್ರಾವ್ಯನ ಅಮ್ಮನಿಗೂ ಈ ಬದಲಾವಣೆ ಉಂಟು. ಅದು ಇದ್ದೂ ಗಟ್ಟಿ ಇರುವ ವಯಸ್ಸಾದವರು ಸಿಕ್ಕಿದ್ರೆ ಒಳ್ಳೆ ಸಾಕ್ಷಿ. ಅಮ್ಮನ ಕುಟುಂಬದ ಹಿರಿಯರನ್ನು ಕರ್ಕೊಂಡು ಬನ್ನಿ."

ಕುಟುಂಬ ತಾನೆ? ಬಿಡುತ್ತೇನೆಯೇ? ನಾನು, ನನ್ನ ಅಣ್ಣ, ತಂಗಿ ಒಂದೇ ರಿಕ್ಷಾದಲ್ಲಿ ಹೋಗಿ ರಕ್ತ ಕೊಟ್ಟೆವು. (ಅಣ್ಣ ಸೂಜಿ ಕಂಡು ಕಣ್ಣು ಮುಚ್ಚಿದ. ಅವನು ಒಂದು ಕಾಲದಲ್ಲಿ ಕಬಡ್ಡಿ ಕ್ಯಾಪ್ಟನ್.) ನಮ್ಮ ಯಜಮಾನರು ಸ್ಕೂಟರಿನಲ್ಲಿ ಹಿಂದೆಯೇ ಬಂದು ಹೊರಗೆ ಬೆಂಚಿನಲ್ಲಿ ಪೇಪರ್ ಓದುತ್ತಾ ಕೂತರು.

ರಿಪೋರ್ಟ್ ಬಂತು. ನಮ್ಮ ಮೂವರಲ್ಲೂ ಆ ಬದಲಾವಣೆ ಇಲ್ಲ! ಇನ್ನು ಸಾಕ್ಷಿ ಎಲ್ಲಿಂದ ತರುವುದು?

ಜೆಸಿಂತಾ ಕೇಳಿದಳು. "ಅಜ್ಜ ಎಲ್ಲಿ?"

"ಅವರು ನಮ್ಮ ಕುಟುಂಬ ಅಲ್ಲ ಮಗಾ. ಅವರದ್ದು ಬರಿ ಬೇರೆ."

ನನ್ನ ಮಾತಿನಲ್ಲಿ ತಪ್ಪಿತ್ತೇ? ತುಳುವರಾದ ನಮ್ಮಲ್ಲಿ ಕುಟುಂಬ ಎಂದರೆ ತಾಯಿಯ ಕಡೆ. ಬರಿ, ಅಂದರೆ ನಮ್ಮ ಗೋತ್ರ, ತಾಯಿಯಿಂದ ಮಕ್ಕಳಿಗೆ. ಐವತ್ತು ವರ್ಷ ಒಂದೇ ಚಾಪೆಯಲ್ಲಿ ಮಲಗಿದರೂ ಗಂಡ ಬೇರೆ ಬರಿಯವನೇ.

ಆ ಹುಡುಗಿ ನಕ್ಕಳು. "ಅಜ್ಜಿ, ಜೀನಿಗೆ ಬರಿ ಗೊತ್ತಿಲ್ಲ. ಅದು ಅಮ್ಮನ ಕಡೆಯಿಂದಲೂ ಬರ್ತದೆ, ಅಪ್ಪನ ಕಡೆಯಿಂದಲೂ ಬರ್ತದೆ. ನಿಮ್ಮ ಮಗಳಿಗೆ ಅಪ್ಪ ಇಲ್ವಾ?"

ಅವತ್ತೂ ಹೊರಗೆ ಬೆಂಚಿನಲ್ಲಿ ಕೂತಿದ್ದ ಯಜಮಾನರನ್ನು ಎಬ್ಬಿಸಿ ಒಳಗೆ ತಂದೆವು. "ನನ್ನ ರಕ್ತ ನಿಮಗೆ ಆಗ್ತದಾ?" ಎಂದು ಕೇಳಿಯೇ ಅಂಗಿಯ ತೋಳು ಮಡಚಿದರು. ಈ ಸಲ ರಿಪೋರ್ಟಿನಲ್ಲಿ ಇತ್ತು! ಅವರಲ್ಲಿತ್ತು. ವಾಮಂಜೂರಿನ ಅವರ ಅಕ್ಕನಲ್ಲೂ ಇತ್ತು. ಎಂಬತ್ತು ದಾಟಿದ ಆ ಹೆಂಗಸು ಈಗಲೂ ಗದ್ದೆಗಿಳಿಯುತ್ತಾರೆ! ಇಬ್ಬರ ಹೃದಯವನ್ನೂ ಪರೀಕ್ಷೆ ಮಾಡಿದರು, ಗಟ್ಟಿ. ಆಮೇಲೆ ಬೇರೆ ಊರುಗಳ ಲ್ಯಾಬಿನವರೂ ತಮ್ಮಲ್ಲಿ ಸಿಕ್ಕಿದ ಆರೋಗ್ಯವಂತರ ವಿವರ ಸೇರಿಸಿದರು. ಎಲ್ಲ ನೋಡಿ, ಡೇಟಾಬೇಸಿನಲ್ಲಿ 'ಗೊತ್ತಿಲ್ಲ' ಎಂದಿದ್ದಲ್ಲಿ 'ಹಾನಿ ಇಲ್ಲದ್ದು' ಎಂದು ಮೊನ್ನೆ ತಿದ್ದಿದರು.

ತಿದ್ದಿದ ಆ ಒಂದು ಸಾಲು ಇನ್ನು ಎಷ್ಟು ಊರಿನ ಮಕ್ಕಳ ಶೂ ಅಟ್ಟದಿಂದ ಇಳಿಸುತ್ತದೋ! ಡೇಟಾಬೇಸ್ ಮಾಡಿಟ್ಟರೆ ಆಗಲಿಲ್ಲ, ಕೂತು ಹೊಸದನ್ನು ಸೇರಿಸುವವರು, ಹಳೆಯದನ್ನು ತಿದ್ದುವವರು ಬೇಕು. ರಕ್ತ ಕೊಡುವ ನಾವೂ ಬೇಕು. ಕೇಳಿದರೆ ಕೊಡಿ ಮಾರಾಯ್ರೆ, ಸೂಜಿ ಇರುವೆ ಕಚ್ಚಿದ ಹಾಗೆ ಅಷ್ಟೆ.

ಅದನ್ನು ನೋಡಿ ಡಾಕ್ಟ್ರು 'ಓಡಬಹುದು' ಎಂದ ದಿನವೇ ಸಂಜೆ ಎಲ್ಲರನ್ನೂ ಊಟಕ್ಕೆ ಕರೆದೆ. ನನ್ನ ಕಡೆಯವರು, ಅವರ ಕಡೆಯವರು, ಒಂದೇ ಸಾಲು. ಬಂಗುಡೆ ಮೀನಿನ ಪುಳಿಮುಂಚಿ, ನೀರುದೋಸೆ. "ಭಾವ, ಕಡೆಗೂ ನಮ್ಮ ಕುಟುಂಬಕ್ಕೆ ಸೇರಿದಿರಲ್ಲ!" ಎಂದು ಅಣ್ಣ ಕೆಣಕಿದ.

"ಸೇರಿದ್ದು ನಾನಲ್ಲ, ನೀವು. ಇದು ನಮ್ಮ ಕಡೆಯ ಹಾರ್ಟ್," ಎಂದು ಇವರು ಇನ್ನೊಂದು ಬಂಗುಡೆ ಎಳೆದುಕೊಂಡರು.

ಶ್ರಾವ್ಯ ಗಬಗಬ ತಿನ್ನುತ್ತಿದ್ದಳು. ಬೆಳಿಗ್ಗೆ ಗ್ರೌಂಡಿಗೆ ಹೋಗಬೇಕಂತೆ. 'ಮೆಲ್ಲ ಓಡು' ಎಂದು ನಾವು ಯಾರೂ ಹೇಳಲಿಲ್ಲ. ಅವಳ ತಟ್ಟೆಗೆ ಇನ್ನೊಂದು ದೋಸೆ ಹಾಕಿದೆ. ಓಡುವವಳಿಗೆ ಹೊಟ್ಟೆ ತುಂಬ ಬಡಿಸದಿದ್ದರೆ ಅಜ್ಜಿ ಎಂದು ಒಬ್ಬಳು ಇರುವುದು ಎಂತಕ್ಕೆ?